ಮರಳಿನಲ್ಲಿ ತೋಡಿದ ಹಗೇವು

ನನ್ನ ಚಿಗವ್ವನ ಬಲಗೈ ಹೆಬ್ಬೆರಳು ಕುಡುಗೋಲಿನ ಏಟಿಗೆ ಸೊಟ್ಟಗಾಗಿತ್ತು. ಆಕೆ ಬಡಿದ ಜೋಳದ ರೊಟ್ಟಿಯ ಅಂಚಿನಲ್ಲಿ ಆ ಬೆರಳಿನ ತಗ್ಗು ತಪ್ಪದೆ ಮೂಡುತ್ತಿತ್ತು. ನಾನು ಪದವೀಧರನಾದದ್ದು ಆ ರೊಟ್ಟಿಯನ್ನು ಉಂಡು.

ಆಕೆ ನನ್ನ ತಾಯಿಯ ತಂಗಿ. ಚಿಗಪ್ಪನಿಗೆ ಕರಾವಳಿಯ ಉಪ್ಪಿನ ಆಗರದಲ್ಲಿ ಕೆಲಸ ಸಿಕ್ಕಿದ್ದರಿಂದ ಸವಣೂರಿನ ಸೀಮೆ ಬಿಟ್ಟು ಸಮುದ್ರದಂಚಿಗೆ ಬಂದಿದ್ದಳು. ಐವತ್ತರ ದಶಕದ ಕೊನೆಯಲ್ಲಿ ಅಲ್ಲಿನ ಕಾಲೇಜು ಸೇರಲು ನಾನು ಹೋದಾಗ ಚಿಗಪ್ಪ ಕರಾರು ಹಾಕಿದ: “ನಿಮ್ಮಕ್ಕನ ಮಗ ಇರ್ಲಿ. ಆದ್ರ ನಿನ್ನ ಜ್ವಾಳಾ ಉಣ್ಲಿ. ನನ್ನ ಅಕ್ಕಿ ಮುಟ್ಟಬಾರ್ದು.”

ಚಿಗವ್ವನ ಜೋಳವೆಂದರೆ, ಆಕೆಯ ತಂದೆ ಅರಿಷಿಣ-ಕುಂಕುಮಕ್ಕೆಂದು ಕೊಟ್ಟಿದ್ದ, ತವರೂರು ಯಲವಿಗಿಯ ಕಪ್ಪುಮಣ್ಣಿನ ಎರಿಹೊಲದ ಬೆಳೆ. ವರ್ಷಕ್ಕೊಮ್ಮೆ ಘಟ್ಟ ಇಳಿದು ಬರುತ್ತಿದ್ದ ಆ ಚೀಲಗಳ ಮೇಲೆಯೇ ನನ್ನ ವಿದ್ಯಾಭ್ಯಾಸ ನಿಂತಿತ್ತು.

ಒಂದು ವರ್ಷ ಚಂಡಮಾರುತ ಬರಲಿದೆಯೆಂದು ಡಂಗುರ ಸಾರಿದರು. ಕೇರಿಯವರು ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಮರಗಳಿಗೆ ಕಟ್ಟಿದರು. ಮಾಡಿನ ಮೇಲೆ ಹಳೆಯ ಬಲೆ ಹೊದಿಸಿ ಕಲ್ಲು ಜೋತುಬಿಟ್ಟರು. ಅಕ್ಕಿಯನ್ನು ದಿಬ್ಬದ ಮೇಲಿನ ಶಾಲೆಗೆ ಸಾಗಿಸಿದರು. ಚಿಗವ್ವ ಮಾತ್ರ ಅಂಗಳದ ಮರಳಿನಲ್ಲಿ ಹಗೇವು ತೋಡಿದಳು. ನಮ್ಮ ಕಡೆ ಕಾಳನ್ನು ನೆಲದೊಳಗಿನ ಆಳವಾದ ಕುಣಿಯಲ್ಲಿ ತುಂಬಿ, ಬಾಯಿ ಮೆತ್ತಿಬಿಡುತ್ತಾರೆ. ಗಾಳಿಯಾಗಲಿ, ಬೆಂಕಿಯಾಗಲಿ ಅದನ್ನು ಮುಟ್ಟದು.

ನೆರೆಮನೆಯ ಮೀನುಗಾರ ಹೆಂಗಸು ಬೇಲಿಯಾಚೆ ನಿಂತು, “ಇಲ್ಲಿ ನೀರು ಕೆಳಗಿಂದ ಬರ್ತದೆ ಮಾರಾಯ್ತಿ. ಚೀಲ ಕೊಡು, ನಮ್ಮ ಗಾಡೀಲಿ ಹೋಗ್ತದೆ” ಎಂದಳು.

“ನಿಮ್ಮ ಒಣಮೀನಾ ಏರಸ್ರಿ ಗಾಡಿಗೆ” ಎಂದಳು ಚಿಗವ್ವ, ಸಲಿಕೆ ಬಿಡದೆ. “ಜ್ವಾಳಾ ಇಡೂದು ನಮಗ ಕಲಸಬ್ಯಾಡ್ರಿ.”

ಗಾಳಿ ಇಳಿದ ಮೇಲೆ, ಆಸರೆ ಪಡೆದಿದ್ದ ಶಾಲೆಯಿಂದ ಮರಳಿದಾಗ ಮನೆಯ ಮಾಡು ಹಾರಿಹೋಗಿತ್ತು. ಹಗೇವಿನ ಬಾಯಿ ಮೆತ್ತಿದಂತೆಯೇ ಇತ್ತು. “ನೋಡಿದಿಲ್ಲೋ?” ಎಂದು ಚಿಗವ್ವ ನನ್ನತ್ತ ತಿರುಗಿ ನಕ್ಕಳು. ತೆರೆದಾಗ ಹುಳಿವಾಸನೆ ಅಡರಿತು. ಆಕೆ ಕೈ ಅದ್ದಿ ತೆಗೆದದ್ದು ಉಪ್ಪುನೀರಿನಲ್ಲಿ ಉಬ್ಬಿದ ಜೋಳ.

“ಸವಣೂರ ಬೇಗಂ ಸಾಹೇಬ್ರ, ಉಪ್ಪ ಹಾಕೂ ಕೆಲಸಾ ಉಳೀತಲ್ರಿ” ಎಂದ ಚಿಗಪ್ಪ. ಬಳಿಕ ನನಗೆ, “ನೀ ಗಂಟು ಕಟ್ಟು.”

ಚಿಗವ್ವ ಒಬ್ಬಳೇ ಬಸ್ಸು ಹತ್ತಿ ತವರಿಗೆ ಹೋದವಳು ಚೀಲಗಳೊಡನೆ ಮರಳಿದಳು. “ಅಣ್ಣ ಕೊಟ್ಟಾನ. ನೀ ಓದಾಕ ಕುಂದ್ರು” ಎಂದಳು. ನನ್ನ ಪದವಿ ಮುಗಿಯುವವರೆಗೂ ಜೋಳ ತಪ್ಪಲಿಲ್ಲ.

ಅರವತ್ತರ ದಶಕದಲ್ಲಿ ಹಾಸಿಗೆ ಹಿಡಿದಾಗ ಆಕೆ ಕೇಳಿದ್ದು ಒಂದೇ: “ಸತ್ತ ಮ್ಯಾಲ ನನ್ನ ಎರಿಹೊಲದಾಗ ಇಡ್ರಿ.” ನಾನು ಯಲವಿಗಿಗೆ ಹೋಗಿ ಸೋದರಮಾವನಲ್ಲಿ ಅದನ್ನು ಅರಿಕೆ ಮಾಡಿಕೊಂಡೆ.

“ಯಾವ ಹೊಲಾ?” ಎಂದ ಆತ, ಕಟ್ಟೆಯಿಂದ ಏಳದೆ. “ಆ ಗಾಳಿ ಬಂದ ವರ್ಷನ ನನಗ ಬಿಟ್ಟುಕೊಟ್ಟು ಜ್ವಾಳಾ ಒಯ್ದಾಳ. ಅದನ್ನ ಉಂಡ ನೀ ಬಿ.ಎ. ಆದಿ. ನನ್ನ ಹೊಲದಾಗ ಹೆಣಾ ಇಡಾಕ ಬಿಡೂದಿಲ್ಲ.”

ಆಕೆಯನ್ನು ಸಮುದ್ರದ ದಂಡೆಯಲ್ಲಿಯೇ ಮಣ್ಣು ಮಾಡಿದೆವು. ಕುಣಿ ಸೊಂಟದಾಳ ಮುಟ್ಟುವ ಮೊದಲೇ ಕೆಳಗಿನಿಂದ ನೀರು ಜಿನುಗತೊಡಗಿತ್ತು.