ಊದುಗೊಳವೆ ಯಾರ ಕೈಗೆ

ಗ್ಯಾಸಿನ ರೇಟು ಮತ್ತೆ ಏರಿತು ಅಂತ ಟಿವಿಯಲ್ಲಿ ಹೇಳಿದ ಸಂಜೆ, ನಮ್ಮ ಯಜಮಾನರು ತಟ್ಟೆ ಮುಂದೆ ಕೂತುಕೊಂಡೇ ಒಂದು ಕಾನೂನು ಮಾಡಿದರು.

"ನಾಳೆಯಿಂದ ಗ್ಯಾಸು ಕಾಪಿ ಟೀಗೆ ಮಾತ್ರ. ಹಿಟ್ಟು, ಸಾರು ಎಲ್ಲಾ ಹಿತ್ಲೊಲೇಲಿ ಮಾಡ್ಕಳಿ. ರೇಷ್ಮೆ ಕಡ್ಡಿ ಅಷ್ಟೊಂದ್ ಬಿದ್ದೈತೆ. ಸುಮ್ನೆ ಯಾಕೆ ದುಡ್ಡು ಸುಡದು?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮದು ಕೈಲಾಂಚ ಹೋಬಳಿಯ ಒಂದು ಹಳ್ಳಿ. ಒಂದಷ್ಟು ಹಿಪ್ಪುನೇರಳೆ, ಮನೆಗಾಗುವಷ್ಟು ರಾಗಿ, ಡೈರಿಗೆ ಹಾಲು ಹಾಕಲು ಎರಡು ಸೀಮೆ ಹಸು. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಹುಳದ ಮನೆ ಹಿಂದೆ ಆಳೆತ್ತರ ಒಟ್ಟಿರುತ್ತದೆ. ಆ ವರ್ಷ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡಿಗೆ ರೇಟು ಬಿದ್ದಿತ್ತು, ಹಸುವಿನ ಫೀಡ್ ಮೂಟೆಯ ಬೆಲೆ ಏರಿತ್ತು. ಮೊದಲೆಲ್ಲ ಸಿಲಿಂಡರಿಗೆ ಕೊಟ್ಟದ್ದರಲ್ಲಿ ಒಂದಿಷ್ಟು ಸಬ್ಸಿಡಿ ಅಂತ ಬ್ಯಾಂಕಿಗೆ ವಾಪಸ್ ಬರುತ್ತಿತ್ತು. ಅದು ಯಾವಾಗ ನಿಂತಿತೋ ನಮಗೆ ಗೊತ್ತೇ ಆಗಲಿಲ್ಲ. ಎಲ್ಲಾದರೂ ಹಿಡಿತ ಮಾಡಲೇಬೇಕಾಗಿತ್ತು, ನಿಜ. ನನ್ನ ತಕರಾರು ಇದ್ದದ್ದು ಆ "ಮಾಡ್ಕಳಿ" ಅನ್ನೋ ಮಾತಿನ ಮೇಲೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಗ್ಯಾಸ್ ಇರಲಿಲ್ಲ. ಹಿತ್ತಲಲ್ಲಿ ಶೀಟ್ ಇಳಿಸಿದ ಒಂದು ಮೋಟು ಚಪ್ಪರ, ಅದರಡಿ ಮಣ್ಣಿನ ಒಲೆ. ಮಳೆಗಾಲದಲ್ಲಿ ಕಡ್ಡಿ ನೆಂದರೆ ಬೆಂಕಿಗಿಂತ ಮೊದಲು ಹೊಗೆ ಏಳೋದು. ನಮ್ಮತ್ತೆ ಮೊಣಕಾಲೂರಿ, ಕೆನ್ನೆ ಉಬ್ಬಿಸಿ ಊದುಗೊಳವೆಯಲ್ಲಿ ಊದುತ್ತಾ ಕೂರೋರು. ಕೆಮ್ಮು ಬಂದರೆ ಆಚೆ ತಿರುಗಿ ಕೆಮ್ಮಿ, ಮತ್ತೆ ಊದೋರು. ಅವರ ಜೊತೆ ನಾನೂ ಊದಿದೆ. ನನ್ನ ಕೂದಲು, ಸೀರೆ, ಮದುವೆಗೆ ಕೊಟ್ಟ ಹಾಸಿಗೆ, ಎಲ್ಲಾ ಹೊಗೆ ವಾಸನೆ.

ಒಂದು ಸಲ ಅತ್ತೆಯನ್ನು ರಾಮನಗರದಲ್ಲಿ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎದೆ ಮೇಲೆ ಬೆನ್ನ ಮೇಲೆ ಎಲ್ಲ ಸ್ಟೆತಸ್ಕೋಪ್ ಇಟ್ಟು ಕೇಳಿ, "ಅಜ್ಜಿ, ಬೀಡಿ ಸೇದ್ತೀರಾ?" ಅಂದರು. ಅತ್ತೆಗೆ ಅವಮಾನವಾಗಿಬಿಟ್ಟಿತು. "ನಮ್ಮನೇಲಿ ಗಂಡಸ್ರೇ ಸೇದಲ್ಲ ಕಣಪ್ಪ" ಅಂತ ಮುಖ ಗಂಟು ಹಾಕಿಕೊಂಡರು. ಆಮೇಲೆ ಡಾಕ್ಟರು ಒಲೆ ಎಂಥದ್ದು ಅಂತ ಕೇಳಿದರು. ಗ್ಯಾಸ್ ತಗೊಳ್ಳಿ ಅಂದರು.

ಗ್ಯಾಸ್ ಬಂದ ಮೇಲೆ ನಾನು ಹೊಲಿಗೆ ಮಿಷನ್ ಹಾಕಿದೆ. ಬೆಳಿಗ್ಗೆ ಹಾಲು ಕರೆದು, ಸೊಪ್ಪು ಕೊಯ್ದು, ಹುಳಕ್ಕೆ ಮೇವು ಹಾಕಿ ಬಂದರೂ ಅಡುಗೆ ಬೇಗ ಮುಗಿಯುತ್ತಿತ್ತು. ಊರಿನ ಹೆಂಗಸರ ರವಿಕೆಗಳೆಲ್ಲ ನನ್ನ ಹತ್ತಿರ ಬರತೊಡಗಿದವು. ಓದುವುದು ಬರೆಯುವುದು ಅಂತ ಏನಾದರೂ ನನಗೆ ಉಳಿದಿದ್ದರೆ ಅದೂ ಆ ಬಿಡುವಿನಿಂದಲೇ ಉಳಿದದ್ದು.

ಯಜಮಾನರು ಕಾನೂನು ಮಾಡಿದ ಆ ಸಂಜೆ ನಾನು ಜಗಳ ಮಾಡಲಿಲ್ಲ. "ಆಯ್ತು" ಅಂತಲೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಹಾಕಿ ಡೈರಿಯಿಂದ ಬಂದೆ. ಹಿತ್ತಲಿಂದ ಕೆಮ್ಮು ಕೇಳಿಸಿತು. ಅತ್ತೆ, ನಮ್ಮಿಬ್ಬರಿಗೆ ಜಗಳ ಬೇಡ ಅಂತ, ತಾವೇ ಹೋಗಿ ಒಲೆ ಹೊತ್ತಿಸಲು ಕೂತಿದ್ದರು. ಅಷ್ಟು ದಿನ ಅಟ್ಟದ ಮೇಲಿದ್ದ ಊದುಗೊಳವೆಯನ್ನು ತೊಳೆದು ತಂದಿದ್ದರು. ಕಣ್ಣಲ್ಲಿ ನೀರು. ಒಂದು ಸಲ ಊದೋದು, ಎದೆ ಹಿಡಿದುಕೊಂಡು ಕೂರೋದು.

"ಏಳಿ ಅತ್ತೆ" ಅಂದೆ.

"ಇರ್ಲಿ ಬುಡವ್ವ. ನಂಗೇನ್ ಹೊಸ್ದಾ?"

"ಹೊಸ್ದಲ್ಲ ಅಂತ್ಲೇ ಏಳಿ ಅಂದಿದ್ದು."

ಊದುಗೊಳವೆ ಅವರ ಕೈಯಿಂದ ತಗೊಂಡು ನೇರ ಜಗುಲಿಗೆ ಹೋದೆ. ನಮ್ಮ ಯಜಮಾನರು ಫೋನ್ ನೋಡುತ್ತಾ ಕೂತಿದ್ದರು. ಅದನ್ನು ಅವರ ತೊಡೆ ಮೇಲೆ ಇಟ್ಟೆ.

"ಏನಮ್ಮಿ ಇದು?"

"ಕಾನೂನು ನಿಮ್ದು, ಒಲೆ ನಿಮ್ದು. ಊದಿ."

ಅವರು ನಕ್ಕರು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ನಾನು ನಗಲಿಲ್ಲ. ಆಗ ಅವರ ದನಿ ಏರಿತು. "ಗಂಡಸ್ರು ಒಲೆ ಮುಂದೆ ಕೂರದಾ? ಊರ್ನೋರು ಏನಂದಾರು?"

"ಮದುವೆ ಮನೇಲಿ ಅಡುಗೆ ಮಾಡೋರು ಯಾರು? ಗಂಡಸ್ರಲ್ವಾ? ಅಲ್ಲಿ ಊರ್ನೋರು ಸಾಲಾಗಿ ಕೂತು ಉಣ್ಣಲ್ವಾ?"

"ಅದು ಬ್ಯಾರೆ. ನಾನ್ ಹೇಳ್ತಿರದು ಒಸಿ ಉಳಿಸ್ಬೇಕು ಅಂತ."

"ಉಳಿಸಣ. ಪೆಟ್ರೋಲು ಗ್ಯಾಸಿಗಿಂತ ಮೊದ್ಲು ಏರ್ತಲ್ಲ, ಅವತ್ತು ನಿಮ್ಮ ಬೈಕು ನಿಂತಿತಾ? ದಿನಾ ಸಂಜೆ ಟೀ ಕುಡಿಯಕ್ಕೆ ಕೈಲಾಂಚಕ್ಕೆ ಹೋಗ್ತೀರಿ. ಮನೇಲಿ ಟೀ ಇಲ್ವಾ? ಬೆಲೆ ಏರಿದ್ದೆಲ್ಲಾ ನಮ್ಮ ಅಡುಗೆ ಮನೇಗೇ ಯಾಕೆ ಬಂದು ಬೀಳ್ಬೇಕು?"

ಈ ಮಾತು ಅವರಿಗೆ ನಾಟಿತು. ನಾಟಿದ್ದಕ್ಕೇ ಸಿಟ್ಟೂ ಬಂತು. "ಒಲೆ ಹತ್ಸದು ಏನ್ ಮಹಾ ವಿದ್ಯೆ ಅಂತ ಆಡ್ತೀಯ! ನಾನೇ ಮಾಡ್ತೀನಿ ನೋಡು" ಅಂತ ಊದುಗೊಳವೆ ಹಿಡಿದು ಪಂಚೆ ಎತ್ತಿ ಕಟ್ಟಿಕೊಂಡು ಹಿತ್ತಲಿಗೆ ನಡೆದರು. ಅವರಿಗೆ ಅವರಪ್ಪನ ಹಟ. ಅತ್ತೆ ಗಾಬರಿಯಾಗಿ ಹಿಂದೆ ಓಡಿದರು. ನಾನು ಮಿಷನ್ ಮುಂದೆ ಕೂತೆ. ಅವತ್ತು ಹೊಲಿಗೆ ನೆಟ್ಟಗೆ ಬರಲಿಲ್ಲ. ಆದರೆ ಏಳಲಿಲ್ಲ.

ಅವರು ಮಾಡಿದ ಹಿಟ್ಟಿನ ಮುದ್ದೆ ಒಳಗೆಲ್ಲ ಗಂಟು. ಮುರಿದರೆ ಹಸಿ ರಾಗಿ ಪುಡಿ ಉದುರೋದು. ಸಾರಿಗೆ ಹೊಗೆ ವಾಸನೆ. ನಾವು ಮೂರು ಜನವೂ ಅದನ್ನೇ ಉಂಡೆವು. ಮರುದಿನವೂ ಅವರೇ ಮಾಡಿದರು, ಅದರ ಮರುದಿನವೂ. ಹಟಕ್ಕೆ ಬಿದ್ದವರು ಬಿಡಲಿಲ್ಲ. ಮಧ್ಯೆ ಮಳೆ ಬಂದು ಕಡ್ಡಿ ನೆಂದು, ಶೀಟಿನ ಕೆಳಗೆಲ್ಲ ಹೊಗೆ ಕಟ್ಟಿಕೊಂಡಿತು. ಡೈರಿ ಹತ್ತಿರ ಅವರ ಜೊತೆಗಾರರು, "ಏನ್ಲಾ ಕಣ್ಣು ಕೆಂಡ ಆಗವೆ, ಜಾಸ್ತಿ ಆಯ್ತಾ?" ಅಂತ ಕೇಳಿದರಂತೆ. ಕುಡಿಯದ ಮನುಷ್ಯ, ಆ ಮಾತು ತಡೆಯದೆ ನಿಜ ಹೇಳಿಬಿಟ್ಟರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಗಂಡಸರು ನಕ್ಕರು. ಹೆಂಗಸರು ರವಿಕೆ ಅಳತೆ ಕೊಡುವ ನೆಪದಲ್ಲಿ ಒಬ್ಬೊಬ್ಬರಾಗಿ ಬಂದು, "ನಿಜ್ವೇನಕ್ಕ?" ಅಂತ ಮೆಲ್ಲಗೆ ಕೇಳಿಕೊಂಡು ಹೋದರು. ಅವರ ಮನೆಗಳಲ್ಲೂ ಅದೇ ಕಾನೂನು ಬಂದಿತ್ತು. ಎಷ್ಟೋ ಮನೆಯಲ್ಲಿ ತುಂಬಿಸದೆ ಬಿಟ್ಟ ಸಿಲಿಂಡರಿನ ಮೇಲೆ ಆಗಲೇ ಬಟ್ಟೆ ಮಡಚಿ ಇಟ್ಟಿದ್ದರು.

ಒಂದು ಬೆಳಿಗ್ಗೆ ನಮ್ಮ ಯಜಮಾನರು ಬೈಕಿನ ಕೀ ತಂದು ಟಿವಿ ಪಕ್ಕದ ಮೊಳೆಗೆ ನೇತು ಹಾಕಿದರು. "ಮಾರ್ಕೆಟ್ಟಿಗೆ ಗೂಡು ಹಾಕಕ್ಕೆ, ಆಸ್ಪತ್ರೆಗೆ, ಅಷ್ಟಕ್ಕೆ ಮಾತ್ರ ತೆಗೆಯದು" ಅಂದರು. ಸ್ನಾನದ ನೀರಿನ ಹಂಡೆ ತಮ್ಮ ಪಾಲಿಗೆ ಇರಲಿ, ಅದಕ್ಕೆ ಕಡ್ಡಿ ಸಾಕು ಅಂದರು. ಅಡುಗೆಗೆ ಗ್ಯಾಸೇ ಆಗಲಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಸ್ಟವ್ ಒರೆಸಿ ಇಟ್ಟಿದ್ದರು, ಅಷ್ಟೇ. ನಾನೂ ಕೆದಕಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಸ್ತ್ರೀಶಕ್ತಿ ಸಂಘ ನೋಡಿಕೊಳ್ಳುವ ನಮ್ಮ ಪಕ್ಕದ ಬೀದಿಯ ಅಕ್ಕ ಬಂದರು. ರಾಮನಗರದಲ್ಲಿ ಗ್ಯಾಸ್ ಬೆಲೆ ಏರಿಕೆ ವಿರುದ್ಧ ಪ್ರತಿಭಟನೆ, ಊರಿಗೇ ವ್ಯಾನ್ ಬರುತ್ತದೆ, ಊಟ ಅಲ್ಲೇ, ಎಲ್ಲರೂ ಬನ್ನಿ ಅಂದರು. ಯಾವ ಪಾರ್ಟಿಯದು ಅಂತ ನಾನು ಕೇಳಲಿಲ್ಲ. ಬೆಲೆ ಏರಿದ ಸಿಟ್ಟು ನನ್ನೊಳಗೆ ಇನ್ನೂ ಹಾಗೇ ಇತ್ತು. ಮನೆಯಲ್ಲಿ ಗಂಡನ ಜೊತೆ ಕಿತ್ತಾಡಿದೆ. ಅವರೇನು ಬೆಲೆ ಏರಿಸಿದವರಲ್ಲವಲ್ಲ. ಏರಿಸಿದವರಿಗೆ ಕೇಳೋ ಹಾಗೆ ಒಂದು ಸಲ ಕೂಗಬೇಕು ಅನ್ನಿಸಿತ್ತು. ಅತ್ತೆಯೂ, "ನಾನೂ ಬತ್ತೀನಿ" ಅಂತ ಒಳ್ಳೆ ಸೀರೆ ಉಟ್ಟರು.

ಐಜೂರು ಸರ್ಕಲ್ಲಿನಲ್ಲಿ ಶಾಮಿಯಾನ ಹಾಕಿದ್ದರು. ಖಾಲಿ ಸಿಲಿಂಡರೊಂದಕ್ಕೆ ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ರಸ್ತೆ ಮಧ್ಯೆ ಮೂರು ಕಲ್ಲಿಟ್ಟು ಒಲೆ, ಪಕ್ಕದಲ್ಲಿ ಒಂದು ಹೊರೆ ಸೌದೆ. ಎರಡೂ ಕಡೆ ಬಸ್ಸು ಲಾರಿ ನಿಂತು ಹಾರನ್ ಹೊಡೆಯುತ್ತಿದ್ದವು. ಘೋಷಣೆ ಶುರುವಾಯಿತು, ನಾವೂ ಗಂಟಲು ಬಿಚ್ಚಿ ಕೂಗಿದೆವು. ಆಗ ಬಿಳಿ ಶರ್ಟಿನ ಒಬ್ಬ ಯುವ ಮುಖಂಡ ನಮ್ಮ ಸಾಲಿಗೆ ಬಂದು ಅತ್ತೆಯನ್ನು ನೋಡಿ, "ಅಜ್ಜಿ, ನೀವು ಬನ್ನಿ, ನೀವು ಸರಿಯಾಗಿದ್ದೀರಿ" ಅಂತ ಕೈ ಹಿಡಿದು ಕರೆದುಕೊಂಡು ಹೋಗಿ ಒಲೆ ಮುಂದೆ ಕೂರಿಸಿದರು. ನಾನೂ ಹಿಂದೆಯೇ ಹೋದೆ. ಕ್ಯಾಮೆರಾದವರು ಸುತ್ತುವರಿದರು.

"ಸೆರಗು ತಲೆ ಮೇಲೆ ಹಾಕ್ಕಳಿ ಅಜ್ಜಿ. ಊದಿ. ಊದ್ಬಿಟ್ಟು ಕಣ್ಣು ಒರೆಸ್ಕಳಿ. ಫೋಟೋ ಚೆನ್ನಾಗಿ ಬರತ್ತೆ."

ಕಬ್ಬಿಣದ ಒಂದು ಹೊಸ ಕೊಳವೆ ಅವರ ಕೈಗೆ ಕೊಟ್ಟರು. ಅತ್ತೆ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಇಷ್ಟು ಜನರ ಮುಂದೆ ಇವರು ಇಲ್ಲ ಅನ್ನಲಾರರು, ಬಾಗಿಯೇಬಿಡುತ್ತಾರೆ ಅಂದುಕೊಂಡೆ. ಅತ್ತೆ ಬಾಗಲಿಲ್ಲ. ಕೊಳವೆ ನೆಲಕ್ಕೆ ಇಟ್ಟರು.

"ನಂಗೆ ಉಸ್ರಿಲ್ಲ ಕಣಪ್ಪ. ಇದ್ದದ್ನೆಲ್ಲಾ ಊದ್ಬುಟ್ಟಿವ್ನಿ."

ಆ ಹುಡುಗನಂಥ ಮುಖಂಡನಿಗೆ ಅರ್ಥವಾಗಲಿಲ್ಲ. "ಸುಮ್ನೆ ಊದೋ ಥರ ಮಾಡಿ ಅಜ್ಜಿ, ಸಾಕು" ಅಂದರು. ಅತ್ತೆ ತಲೆ ಅಲ್ಲಾಡಿಸಿ ಅಲ್ಲಿಂದ ಎದ್ದೇಬಿಟ್ಟರು. ಮುಖಂಡ ಕೊಳವೆ ಎತ್ತಿ ನನ್ನ ಕಡೆ ಚಾಚಿದರು. "ಅಕ್ಕ, ಹಾಗಾದ್ರೆ ನೀವು."

"ನಾನೂ ಊದಲ್ಲ" ಅಂದೆ.

"ಇದೇನಕ್ಕ, ನೀವು ಬೆಲೆ ಏರಿಕೆ ವಿರುದ್ಧ ಬಂದಿರೋದಲ್ವಾ?"

"ವಿರುದ್ಧಾನೇ. ಗ್ಯಾಸ್ ರೇಟು ಇಳಿಸಿ ಅಂತ ಕೇಳಕ್ಕೆ ಬಂದಿದೀವಿ. ಇಳಿಸ್ದೆ ಇದ್ರೆ ಹೊಗೇಲಿ ಕೂರ್ತೀವಿ ಅಂತ ಹೇಳಕ್ಕೆ ಬಂದಿಲ್ಲ. ನಾವು ಇಲ್ಲಿ ಒಲೆ ಊದೋ ಫೋಟೋ ನಾಳೆ ಪೇಪರ್ನಲ್ಲಿ ಬಂದ್ರೆ, ರೇಟು ಏರಿಸ್ದೋರು ನೋಡಿ ಏನಂತಾರೆ? ಒಲೆ ಐತಲ್ಲ, ಮಾಡ್ಕೊತಾವ್ರೆ ಬುಡು ಅಂತಾರೆ."

ನಮ್ಮೂರ ಹೆಂಗಸರೆಲ್ಲ ಒಟ್ಟಿಗೆ "ಹೌದು" ಅಂದರು. ಯಾರೋ ಹಿಂದಿನಿಂದ, "ಅವ್ರೇ ಊದ್ಲಿ ಬುಡಕ್ಕ!" ಅಂತ ಕೂಗಿದರು. ನಾನು ಕೊಳವೆ ತಗೊಂಡು ಹೋಗಿ, ಕುರ್ಚಿ ಮೇಲೆ ಕೂತಿದ್ದ ಹಿರಿಯ ಮುಖಂಡರ ಮುಂದೆ ಹಿಡಿದೆ. ಬೈಯುತ್ತಾರೇನೋ ಅಂತ ಅಂದುಕೊಂಡಿದ್ದೆ. ಅವರು ನನ್ನನ್ನು ನೋಡಿದರು, ಕ್ಯಾಮೆರಾಗಳನ್ನು ನೋಡಿದರು, ನಗುನಗುತ್ತಾ ಎದ್ದು ಬಂದು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತರು. ಸೌದೆ ಹಸಿಯಾಗಿತ್ತು. ಅವರು ಜೋರಾಗಿ ಊದಿದರು, ಬೂದಿಯೆಲ್ಲ ಹಾರಿ ಬಿಳಿ ಬಟ್ಟೆ ಮೇಲೆ ಬಿತ್ತು. ಹೊಗೆ ಮುಖಕ್ಕೇ ನುಗ್ಗಿತು. ಕೆಮ್ಮಿ ಕೆಮ್ಮಿ ಎದ್ದು ನಿಲ್ಲಲೂ ಆಗಲಿಲ್ಲ, ಇಬ್ಬರು ಹಿಡಿದು ಎಬ್ಬಿಸಿದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. "ಪಾಪ, ನೀರು ಕೊಡ್ರವ್ವ ಅವ್ರಿಗೆ" ಅಂದರು.

ಮರುದಿನ ಪೇಪರಿನಲ್ಲಿ ಅವರದೇ ಫೋಟೋ ಬಂತು, ಮಹಿಳೆಯರ ಕಷ್ಟಕ್ಕೆ ಮರುಗಿ ತಾವೇ ಒಲೆ ಊದಿದ ನಾಯಕರು ಅಂತ. ನಮ್ಮ ಯಜಮಾನರು ಅದನ್ನು ಓದಿ, "ಒಂದಿನ ಊದಿದ್ದಕ್ಕೆ ಪೇಪರ್ನಲ್ಲಿ ಹಾಕವ್ರೆ! ನಾನು ಅಷ್ಟು ದಿನ ಊದ್ದೆ, ನಂಗ್ಯಾರೂ ಹಾಕ್ಲಿಲ್ವಲ್ಲ" ಅಂದರು. ಅತ್ತೆ ನಕ್ಕಿದ್ದು ಆಗ.

ನನಗೆ ಸಿಟ್ಟು ಇಳಿಯಲಿಲ್ಲ. ಫೋಟೋ ಅವರದಾಯಿತು, ನಮ್ಮ ಮಾತು ಎಲ್ಲೂ ಇರಲಿಲ್ಲ. ಸಂಘದ ಅಕ್ಕನ ಮನೆಯಲ್ಲಿ ಸೇರಿದಾಗ, ನಾವು ನಾವೇ ಹೋಗೋಣ ಅಂದೆ. ಶಾಮಿಯಾನ ಬೇಡ, ವ್ಯಾನ್ ಬೇಡ, ಊಟ ಬೇಡ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲವಲ್ಲ. ಹುಳು ಜ್ವರಕ್ಕೆ ಕೂತು, ಅಂದರೆ ಪೊರೆ ಕಳಚಲು ಮೇವು ಬಿಟ್ಟು ಮಲಗಿದ್ದ ಒಂದು ದಿನ ನೋಡಿಕೊಂಡು, ಒಂದು ಬಸ್ಸಿಗಾಗುವಷ್ಟು ಜನ ರಾಮನಗರಕ್ಕೆ ಹೋಗಿ, ಗ್ಯಾಸ್ ರೇಟು ಇಳಿಸಿ ಅಂತ ಡಿಸಿ ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಅಧಿಕಾರಿ ಓದಿದರು. ಒಳ್ಳೆ ಮನುಷ್ಯರೇ. "ಬೆಲೆ ನಮ್ಮ ಕೈಲಿಲ್ಲಮ್ಮ, ಅದೆಲ್ಲ ಡೆಲ್ಲಿಯಲ್ಲಿ ಆಗೋದು" ಅಂದರು.

"ಗೊತ್ತು ಸಾರ್" ಅಂದೆ. "ಡೆಲ್ಲಿಗೆ ನಮ್ಮೂರಿಂದ ಬಸ್ಸಿಲ್ಲ. ಅದ್ಕೇ ನಿಮ್ಮತ್ರ ಬಂದಿದೀವಿ. ನೀವು ಕಳ್ಸಿ."

"ಕಳಿಸಿದ್ರೂ ಏನೂ ಆಗಲ್ಲ."

"ಆಗ್ದಿದ್ರೆ ಮತ್ತೆ ಬತ್ತೀವಿ" ಅಂದರು ಅತ್ತೆ, ಅವರ ಮುಂದಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಕೊಂಡು.

ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡ ಮೇಲೆಯೇ ಎದ್ದದ್ದು. ಬೆಲೆ ಇಳಿಯಲಿಲ್ಲ. ನಾವು ಆಮೇಲೆ ಇನ್ನೂ ಒಂದೆರಡು ಸಲ ಹೋಗಿ ಬಂದೆವು. ಈಗ ಆ ಆಫೀಸಿನ ಗೇಟಿನವರು ನಮ್ಮನ್ನು ನೋಡಿದರೆ ಯಾವೂರು ಅಂತ ಕೇಳುವುದಿಲ್ಲ, ದಾರಿ ಬಿಡುತ್ತಾರೆ.