ಬೇವಿನ ಹೊಗೆ, ಬುಟ್ಟಿ ಟ್ಯಾಂಕು

ಮಗ ಕಂಪ್ಯೂಟರಿನಲ್ಲಿ ಟ್ಯಾಂಕ್ ಯುದ್ಧ ಆಡುತ್ತಿದ್ದ. ಗುಂಡಿ ಒತ್ತಿ ಹೊಗೆ ಬಿಟ್ಟು, ಅದರ ಮರೆಯಲ್ಲೇ ಶತ್ರುವಿನ ಬೆನ್ನ ಹಿಂದೆ ಹೋದ. ನನ್ನ ಮೂಗಿಗೆ ಹಸಿ ಬೇವು ಸುಟ್ಟ ವಾಸನೆ ಬಂತು.

ನಾನು ಹುಡುಗನಾಗಿದ್ದಾಗ ಕಾಮಸಮುದ್ರದ ಹತ್ತಿರದ ನಮ್ಮೂರಲ್ಲಿ ಕೋಳಿ ಮುಚ್ಚುವ ಬುಟ್ಟಿಯೇ ಟ್ಯಾಂಕು, ಮಣ್ಣುಹೆಂಟೆಯೇ ಗುಂಡು. ಬುಟ್ಟಿ ಹೊದ್ದು ಕುಕ್ಕರಗಾಲಲ್ಲೇ ಯುದ್ಧ. ರಜಕ್ಕೆ ರಾಬರ್ಟ್‌ಸನ್‌ಪೇಟೆಯಿಂದ ಬಂದಿದ್ದ ಚಿಕ್ಕಪ್ಪನ ಮಗ ಸೀನ, ಸೊಳ್ಳೆಗೆಂದು ತಾತ ಕೊಟ್ಟಿಗೆ ಮುಂದೆ ಹಾಕಿದ್ದ ಹೊಗೆಗೆ ಇನ್ನಷ್ಟು ಬೇವಿನಸೊಪ್ಪು ಒಟ್ಟಿದ. ಆ ಹೊಗೆಯಲ್ಲಿ ಮಾಯವಾಗಿ, ಹಿಂದಿನಿಂದ ಬಂದು ನನಗೆ ಹೆಂಟೆಯಲ್ಲಿ ಹೊಡೆದ.

“ತಲೆ ಅಂದ್ರೆ ಇದು ಕಣ್ಲಾ!” ಅಂದರು ತಾತ. ವರ್ಷವಿಡೀ ಅವರಿಗೆ ಎಲೆಅಡಿಕೆ ಕುಟ್ಟಿಕೊಟ್ಟ ನನಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ.

ಮರುಸಂಜೆ ಅವನು ಹಾಕಿದ್ದರ ಎರಡರಷ್ಟು ಸೊಪ್ಪು ನಾನು ಒಟ್ಟಿದೆ. ಗಾಳಿ ಯಾವ ಕಡೆಗಿದೆ ಅಂತ ನೋಡಲಿಲ್ಲ. ಹೊಗೆಯೆಲ್ಲ ನನ್ನ ಬುಟ್ಟಿಗೇ ನುಗ್ಗಿ, ಕೆಮ್ಮುತ್ತಾ ಹೊರಬಿದ್ದೆ. ತಾತ ಅಜ್ಜಿಯನ್ನು ಕೂಗಿದರು: “ನೋಡೇ, ಸೊಳ್ಳೆ ಓಡ್ಸಕ್ಕೆ ಒಗೆ ಆಕುದ್ರೆ ಮೊಮ್ಮಗ ಓಡ್ಬಂದ!” ನಗೆ ಅವರದು, ಹೊಗೆ ನನ್ನದು, ಸೀನನ ಮೇಲಿನ ಹಗೆಯೂ ನನ್ನದೇ.

ಮಗ ಗೆದ್ದು ತಿರುಗಿದ. “ಹೆಂಗಪ್ಪಾ ನನ್ ತಲೆ?”

ಹೊಗಳೋಣ ಅಂತಲೇ ಬಾಯಿ ತೆರೆದೆ.

“ಕಂಪ್ಯೂಟರಲ್ಲಿ ಗಾಳಿ ಬೀಸಲ್ಲ ಬಿಡೋ,” ಅಂದೆ.