ಮೊದಲ ಸವಾರಿ ಮಾಸೂರಿಗೆ

ಹಳೇ ಗಾಡಿ ಕೊಳ್ಳುವ ಮುಂಚೆ ನಮ್ಮ ಮನೆತನದವರು ಈಗಲೂ ನನ್ನನ್ನು ಒಂದು ಮಾತು ಕೇಳುತ್ತಾರೆ. ನಾನು ಒಂದು ದಿನವೂ ಸ್ಟೇರಿಂಗ್ ಹಿಡಿದವಳಲ್ಲ. ಆದರೂ ದೊಡ್ಡ ಸಂಸಾರಕ್ಕೆ ಆಗುವಂಥ ಹಳೇ ಜೀಪಿನಲ್ಲಿ ಏನೇನು ನೋಡಬೇಕೆಂಬುದು ನನಗೆ ಬಾಯಿಪಾಠ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಹಾನಗಲ್ಲಿನ ನಮ್ಮ ಮನೆಯ ಗಂಡಸರು ಬೇರೆ ಮಾತೇ ಆಡಲಿಲ್ಲ. ನಾನು ಆಗ ಕಾಲೇಜಿನ ರಜೆಗೆ ಮನೆಯಲ್ಲಿದ್ದೆ. ರೊಟ್ಟಿ ಬಡಿಯುತ್ತಲೇ ಎಲ್ಲ ಕಲಿತುಬಿಟ್ಟೆ.

ಬೆಳಿಗ್ಗೆ ಹೋಗಿ ಮೊದಲು ಬಾನೆಟ್ ಮುಟ್ಟಬೇಕು. ಬೆಚ್ಚಗಿದ್ದರೆ, ಚಾಲೂ ಆಗುವ ತೊಂದರೆ ನಮಗೆ ಕಾಣದಿರಲೆಂದು ಮಾರುವವನು ನಾವು ಬರುವ ಮುಂಚೆಯೇ ಎಂಜಿನ್ ಚಾಲೂ ಮಾಡಿಟ್ಟಿದ್ದಾನೆ ಅಂತ ಅರ್ಥ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ನೆಲಕ್ಕೆ ಚಾಪೆ ಹಾಸಿ, ಅಡಿಗೆ ತೂರಿ, ಚಾಸಿಗೆ ತುಕ್ಕು ಹಿಡಿದಿದೆಯೇ, ಎಲ್ಲಾದರೂ ಬೆಸುಗೆಯ ಗುರುತಿದೆಯೇ ನೋಡಬೇಕು. ಟೈರು ಒಂದೇ ಬದಿಗೆ ಸವೆದಿರಬಾರದು. ಕಾಗದಪತ್ರದಲ್ಲಿಯ ಎಂಜಿನ್ ನಂಬರು, ಎಂಜಿನ್ ಮೇಲೆ ಕೆತ್ತಿದ ನಂಬರು ಎರಡೂ ಒಂದೇ ಇರಬೇಕು. ಇಷ್ಟನ್ನೂ ನಮ್ಮವರು ನೋಡಿದ್ದರು. ಅದಕ್ಕೇ ನನಗೆ ಇಂದಿಗೂ ಸಿಟ್ಟು.

ಜೀಪು ಬೇಕಾಗಿದ್ದಕ್ಕೆ ಕಾರಣವಿತ್ತು. ದೊಡ್ಡಪ್ಪ, ಅಪ್ಪ, ಕಾಕಾ ಮೂವರ ಸಂಸಾರವೂ ಒಂದೇ ಒಲೆಯ ಮೇಲೆ ನಡೆಯುತ್ತಿತ್ತು. ಮದುವೆಗೋ ಬಸುರಿಯ ಕುಬಸಕ್ಕೋ ಹೊರಟರೆ ಎಲ್ಲರೂ ಒಂದು ಗಾಡಿಯಲ್ಲಿ ಹಿಡಿಸುತ್ತಿರಲಿಲ್ಲ. ಯಾರಾದರೂ ಹಿಂದೆ ಉಳಿದು ಎಮ್ಮೆ ಹಿಂಡಬೇಕು, ದೇವರಿಗೆ ದೀಪ ಹಚ್ಚಬೇಕು. ಆ ಯಾರಾದರೂ ಎಂದರೆ ಯಾವಾಗಲೂ ನಮ್ಮ ಅವ್ವ. "ನೀವು ಹೋಗಿ ಬರ್ರಿ, ಮನೀಗೆ ಯಾರರ ಬೇಕಲ್ಲ" ಎಂದು ತಾನೇ ಮುಂದಾಗಿ ಹೇಳಿಬಿಡುತ್ತಿದ್ದಳು. ಉಳಿದವರು ಬಾಯಿಮಾತಿಗೂ ಬೇಡ ಅನ್ನುತ್ತಿರಲಿಲ್ಲ.

ಆ ಬೇಸಿಗೆ ಮಾಸೂರಿನಲ್ಲಿ ಅವ್ವನ ತಾಯಿ ಹಾಸಿಗೆ ಹಿಡಿದಳು. ಮಗಳ ಮುಖ ನೋಡಬೇಕೆಂದು ಹೇಳಿಕಳಿಸಿದಳು. ಅವ್ವ ಬಸ್ಸಿಗೆ ಹೋಗಿ ಬರುತ್ತೇನೆ ಅಂದಳು. ಮನೆಯ ಹಿರಿಯರಾದ ದೊಡ್ಡಪ್ಪ ಒಪ್ಪಲಿಲ್ಲ. "ಒಬ್ಬಾಕಿನ ಬಸ್ಸಿನ್ಯಾಗ ಯಾಕ? ಜೀಪ್ ತರ್ತೇವಿ. ಮೊದಲನೇ ಸವಾರಿ ಮಾಸೂರಿಗೆ. ಈ ಸಲ ಯಾರೂ ಹಿಂದ ಉಳಿಯೂದಿಲ್ಲ" ಅಂದರು. ಅವ್ವ ಒಳಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಥ ಮಾತನ್ನು ಆಕೆಗೆ ಯಾರೂ ಹಿಂದೆ ಹೇಳಿರಲಿಲ್ಲ.

ಶಿಗ್ಗಾವಿಯಲ್ಲಿ ನೋಡಿದ ಜೀಪಿನ ಅಡಿಗೆಲ್ಲ ತುಕ್ಕು. ಕೊನೆಗೆ ಸವಣೂರಿನಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಉದ್ದ ಬಾಡಿಯದು ಸಿಕ್ಕಿತು. ಹಿಂದೆ ಎದುರುಬದುರು ಎರಡು ಉದ್ದನೆಯ ಸೀಟು. ಅಕ್ಕನನ್ನು ಕೊಟ್ಟದ್ದು ಸವಣೂರಿಗೇ ಆದ್ದರಿಂದ ಅವತ್ತು ಅವ್ವನೂ ನಾನೂ ಜೊತೆಗೆ ಹೋಗಿದ್ದೆವು. ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ದೊಡ್ಡಪ್ಪ ಎತ್ತಿನ ಹಲ್ಲು ನೋಡುವವರ ಹಾಗೆ ಜೀಪಿನ ಸುತ್ತ ತಿರುಗಿದರು. ಕಾಕಾ ಹೊಸ ಅಂಗಿಯಲ್ಲೇ ಅಡಿಗೆ ತೂರಿದರು.

ಮಾರುವವರು ಒಳ್ಳೆಯ ಮನುಷ್ಯ. "ಹೆಣ್ಮಕ್ಕಳೂ ಬಂದಾರ. ಎಲ್ಲಾರೂ ಹತ್ರಿ, ಒಂದು ಸುತ್ತು ಹೋಗಿ ಬರ್ರಿ. ಮಂದಿ ತುಂಬಿದಾಗ ಹೆಂಗ ನಡಿತದ ನೋಡ್ರಿ" ಅಂದರು.

ದೊಡ್ಡಪ್ಪ ಕೈಯಾಡಿಸಿಬಿಟ್ಟರು. "ಪೂಜಿ ಆಗೂ ಮುಂಚೆ ಮನಿ ಹೆಣ್ಮಕ್ಕಳನ್ನ ಕೂಡಿಸೂದಿಲ್ರಿ ನಮ್ಮಲ್ಲಿ."

ನಮ್ಮಲ್ಲಿ ಅದೊಂದು ಪದ್ಧತಿ. ಹೊಸ ಚಕ್ಕಡಿ ಬಂದರೂ ಅಷ್ಟೇ, ಗಾಲಿಗೆ ಕಾಯಿ ಒಡೆಯುವ ತನಕ ಅದರಲ್ಲಿ ಹೇರು ಹಾಕುವುದಿಲ್ಲ, ಹೆಣ್ಣುಮಕ್ಕಳು ಕೂರುವುದಿಲ್ಲ. ಹೀಗಾಗಿ ಮೂವರು ಗಂಡಸರೇ ಸವಣೂರಿನ ಸಪಾಟ ರಸ್ತೆಯಲ್ಲಿ ಜೀಪು ಓಡಿಸಿ ಬಂದರು. ಖಾಲಿ ಜೀಪು ಕುದುರೆಯ ಹಾಗೆ ಓಡಿತು. ಅಕ್ಕ, ಅವ್ವ, ನಾನು ಬೇವಿನ ಮರದ ನೆರಳಲ್ಲಿ ನಿಂತು ನೋಡಿ ಖುಷಿಪಟ್ಟೆವು.

ಹಾನಗಲ್ಲಿಗೆ ತಂದು, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದ್ದಾಯಿತು. ಮರುದಿನ ಬೆಳಿಗ್ಗೆ ಎಲ್ಲರೂ ಹತ್ತಿದೆವು. ಅಕ್ಕನೂ ಸವಣೂರಿನಿಂದ ಬಂದಿದ್ದಳು. ಅಜ್ಜಿಯನ್ನು ನೋಡಿ ಬರುವಾಗ ರಟ್ಟೀಹಳ್ಳಿಯ ಗುಡಿಗೂ ಹೋಗುವುದು ಎಂದು ಗೊತ್ತಾಗಿತ್ತು, ಅದಕ್ಕೇ ಎಲ್ಲರಿಗೂ ಜೋರು ಹುಮ್ಮಸ್ಸು. ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅವ್ವ ತನ್ನ ಮದುವೆಯ ಇಳಕಲ್ ಸೀರೆ ಉಟ್ಟು, ಹಿಂದಿನ ಬಾಗಿಲ ಹತ್ತಿರ ಮುದುಡಿ ಕೂತಳು. ತಾಯಿಗೆಂದು ಮಾಡಿದ ಗೋದಿಯ ಸಿಹಿ ಮಾದಲಿಯ ಡಬ್ಬಿ ತೊಡೆಯ ಮೇಲಿತ್ತು.

ಊರು ದಾಟಿ ಮೊದಲ ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಒದರತೊಡಗಿತು, ಗಾಲಿ ಮಾತ್ರ ಮುಂದೆ ಹೋಗಲೊಲ್ಲದು. ಏನೋ ಸುಟ್ಟ ವಾಸನೆ. ಕ್ಲಚ್ ಪ್ಲೇಟು ಸವೆದುಹೋಗಿತ್ತು. ಭಾರ ಹಾಕದೆ ಅದು ಗೊತ್ತಾಗುವಂಥದ್ದಲ್ಲ. ಸ್ಟೇರಿಂಗ್ ಹಿಡಿದಿದ್ದ ಕಾಕಾ ಬೆವರೊರೆಸಿಕೊಂಡು ಹೇಳಿದರು: "ಒಂದಿಬ್ಬರು ಇಳಿದರ ಹತ್ತಬಹುದು. ಮುಂದನೂ ಏರು ಅದಾವ, ಹಗುರ ಇದ್ದರನ ಮಾಸೂರ ಮುಟ್ಟತೈತಿ."

ಅವರ ಮಾತು ಮುಗಿಯುವಷ್ಟರಲ್ಲಿ ಅವ್ವ ಇಳಿದು ನಿಂತಿದ್ದಳು.

ಯಾರ ತಾಯಿಯನ್ನು ನೋಡಲು ಹೊರಟಿದ್ದೆವೋ ಆಕೆಯೇ ರಸ್ತೆಯ ಮೇಲೆ, ಗುಡಿ ನೋಡುವವರು ಸೀಟಿನ ಮೇಲೆ! ಅಪ್ಪ ಹೊಲದ ಕಡೆ ನೋಡುತ್ತ ಕೂತರು. ನಾನು ಸಿಟ್ಟಿನಿಂದ ಅವ್ವನ ಹಿಂದೆಯೇ ಜಿಗಿದೆ. ದೊಡ್ಡಪ್ಪ ಮುಂದಿನ ಸೀಟಿನಿಂದ ತಲೆ ಹೊರಹಾಕಿ, "ಮನ್ಯಾಗ ಕುಂತಿರ್ರಿ. ಇವರನ್ನ ಇಳಿಸಿ ಮಧ್ಯಾಹ್ನಕ್ಕ ತಿರುಗಿ ಜೀಪ್ ಕಳಸ್ತೇನಿ" ಅಂದರು. ಅವ್ವ ಮಾದಲಿಯ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟಳು. ಜೀಪು ಏರು ಹತ್ತಿ ಕಾಣದಾಯಿತು.

ನಾವು ನಡೆದು ಮನೆಗೆ ಬಂದೆವು. ಅವ್ವ ಸೀರೆ ಬದಲಿಸಲಿಲ್ಲ, ಊಟ ಮಾಡಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಳು. ಮಾಸೂರಿನ ದಾರಿಯಲ್ಲಿರುವ ಹಿರೇಕೆರೂರಿಗೆ ಹೋಗುವ ಮಧ್ಯಾಹ್ನದ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ ಹಾರ್ನ್ ಹಾಕಿತು.

"ಅವ್ವ, ಇದಕ್ಕ ಹೋಗೂಣ ನಡಿ" ಅಂದೆ.

"ಅಲ್ಲಿಂದ ಜೀಪ್ ಬಂದು, ಮನೀಗೆ ಕೀಲಿ ಹಾಕಿದ್ದರ? ಭಾವನೋರು ಏನಂದಾರು? ನಮ್ಮ ಗಾಡಿನ ಬರ್ತೈತಿ, ಬಸ್ ಯಾಕ?"

ನಮ್ಮ ಗಾಡಿ ಅನ್ನುವಾಗ ಆಕೆಯ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಸಂಜೆಯ ಬಸ್ಸೂ ಹೋಯಿತು. ದೂರದಲ್ಲಿ ಯಾವ ಗಾಡಿಯ ಸದ್ದಾದರೂ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಜೀಪು ಬರಲೇ ಇಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಮಾಸೂರಿನಲ್ಲಿ ಅಜ್ಜಿಯ ಮನೆಯ ಮುಂದೆ ಜೀಪು ನಿಂತಿತ್ತು, ಬಾಡಿದ ಹಾರ ಇನ್ನೂ ಅದರ ಮೂತಿಗೆ ಇತ್ತು. ಬಂದು ನಿಂತದ್ದೇ ಕೊನೆ, ಕ್ಲಚ್ ಪೂರಾ ಹೋಗಿ ಮತ್ತೆ ಅಲುಗಾಡಲಿಲ್ಲವಂತೆ. ಒಳಗಿನಿಂದ ಅಳುವ ಸದ್ದು ಬೀದಿಗೇ ಕೇಳುತ್ತಿತ್ತು. ಅಜ್ಜಿ ಬೆಳಗಿನ ಜಾವ ಹೋಗಿದ್ದಳು.

ಅಕ್ಕ ಅವ್ವನನ್ನು ತಬ್ಬಿಕೊಂಡು ಹೇಳಿದಳು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಒಬ್ಬೊಬ್ಬರ ಮುಖವನ್ನೂ ಕೈಯಿಂದ ಸವರಿ ನೋಡಿ, "ನನ್ನ ಮಗಳು ಎಲ್ಲದಾಳ?" ಅಂದಳಂತೆ. ಕಾಕಾ ಹೇಳಿಬಿಟ್ಟರಂತೆ: "ಬಂದಾಳಬೇ, ಜೀಪಿನಿಂದ ಇಳ್ಯಾಕತ್ತಾಳ." ಆಮೇಲೆ ಅಜ್ಜಿ ಯಾರನ್ನೂ ಕೇಳಲಿಲ್ಲ, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು.

ಅವ್ವ ಅಳಲಿಲ್ಲ. ಅಕ್ಕನ ಕೈ ಹಿಡಿದು, "ನಾ ಬಂದೇನಿ ಅಂತ ತಿಳಕೊಂಡ ಹೋದ್ಲಲ್ಲ?" ಎಂದು ಕೇಳಿದಳು. ಅಕ್ಕ ಹೂಂ ಅಂದಳು. ಅವ್ವ ಇನ್ನೊಮ್ಮೆ ಕೇಳಿದಳು, ಅಕ್ಕ ಇನ್ನೊಮ್ಮೆ ಹೂಂ ಅಂದಳು.

ಜೀಪು ರಿಪೇರಿಯಾಗಿ ಬಹಳ ವರ್ಷ ನಮ್ಮ ಮನೆಯಲ್ಲಿತ್ತು. ಅವ್ವ ಮತ್ತೆ ಅದರಲ್ಲಿ ಕೂರಲಿಲ್ಲ. ಎಲ್ಲಿಗೆ ಹೊರಟರೂ ನಮಗಿಂತ ಮುಂಚೆ ಎದ್ದು ಬಸ್ಸಿಗೆ ಹೋಗುತ್ತಿದ್ದಳು. ಈಗ ಮನೆಯ ಹುಡುಗರು ಗಾಡಿ ನೋಡಲು ಹೊರಟು ನನ್ನನ್ನು ಕೇಳಿದರೆ ಬಾನೆಟ್ಟು, ಹೊಗೆ, ತುಕ್ಕು ಎಲ್ಲ ಹೇಳುತ್ತೇನೆ. ಕೊನೆಗೆ, ಪೂಜೆ ಆಮೇಲೆ ಮಾಡಿರಿ, ಮೊದಲು ನಿಮ್ಮ ಅವ್ವನನ್ನು ಕೂಡಿಸಿಕೊಂಡು ಏರು ಹತ್ತಿಸಿ ನೋಡಿರಿ ಎನ್ನುತ್ತೇನೆ.